ಗಾಂಜಾ ಗಿಡಕ್ಕೆ ಬೂಷ್ಟಿನ ಪರೀಕ್ಷೆ: ರೋಗಿಯ ಸುರಕ್ಷತೆ ಆರಂಭವಾಗುವುದು ತಳಿಯಿಂದ

ನೋವು, ವಾಕರಿಕೆ ಕಡಿಮೆಯಾಗಲೆಂದು ರೋಗಿಯೊಬ್ಬ ಸೇವಿಸುವ ವಸ್ತುವೇ ಆತನ ಶ್ವಾಸಕೋಶಕ್ಕೆ ಬೂಷ್ಟನ್ನು ಸಾಗಿಸಿದರೆ ಗತಿಯೇನು? ಗಾಂಜಾವನ್ನು ವೈದ್ಯಕೀಯ ಬಳಕೆಗೆ ಅಥವಾ ಮುಕ್ತ ಮಾರಾಟಕ್ಕೆ ಕಾನೂನುಬದ್ಧಗೊಳಿಸಿರುವ ಕೆನಡಾ, ನೆದರ್‌ಲೆಂಡ್ಸ್ ಹಾಗೂ ಅಮೆರಿಕದ ಹಲವು ರಾಜ್ಯಗಳು ಈ ಪ್ರಶ್ನೆಗೆ ಉತ್ತರ ಹುಡುಕುತ್ತಿವೆ. ಅಲ್ಲಿ ಒಣಗಿದ ಹೂಗೊಂಚಲು ಅಂಗಡಿ ಅಥವಾ ಔಷಧಾಲಯ ತಲುಪುವ ಮುನ್ನ ಸೂಕ್ಷ್ಮಾಣು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆದರೆ ಕೊನೆಯ ಹಂತದ ಈ ಪರೀಕ್ಷೆಯಿಂದ ಕೆಟ್ಟ ಮಾಲನ್ನು ತಿರಸ್ಕರಿಸಬಹುದೇ ಹೊರತು ಒಳ್ಳೆಯ ಮಾಲನ್ನು ಸೃಷ್ಟಿಸಲಾಗದು. ಈ ಕಾರಣಕ್ಕೆ ವಿಜ್ಞಾನಿಗಳ ಗಮನ ಈಗ ಪ್ರಯೋಗಾಲಯದಿಂದ ಹಸಿರುಮನೆಯತ್ತ, ರೋಗವನ್ನು ತಡೆದುಕೊಳ್ಳಬಲ್ಲ ತಳಿಗಳತ್ತ ಹೊರಳಿದೆ.

ಪರೀಕ್ಷೆ ಏಕೆ ಬೇಕಾಯಿತು?

ಗಾಂಜಾದಿಂದ ಸೋಂಕು ಹರಡಬಲ್ಲದೆಂಬುದು ವೈದ್ಯಲೋಕಕ್ಕೆ ಹೊಸ ಸಂಗತಿಯಲ್ಲ. 1981ರ ಜನವರಿ ಮತ್ತು ಫೆಬ್ರುವರಿಯಲ್ಲಿ ಅಮೆರಿಕದ ಓಹಿಯೊ, ಮಿಷಿಗನ್, ಜಾರ್ಜಿಯಾ ಮತ್ತು ಅಲಬಾಮಾ ರಾಜ್ಯಗಳಲ್ಲಿ 85 ಮಂದಿ ಸಾಲ್ಮೊನೆಲ್ಲಾ ಸೋಂಕಿನಿಂದ ಅಸ್ವಸ್ಥರಾದರು. ಯಾವ ಆಹಾರದಿಂದ ರೋಗ ಬಂತೆಂದು ಹುಡುಕಿದ ತನಿಖಾಧಿಕಾರಿಗಳಿಗೆ ಮೊದಲು ಸುಳಿವು ಸಿಗಲಿಲ್ಲ. ಕೊನೆಗೆ ರೋಗಿಗಳ ಮನೆಗಳಲ್ಲಿ ದೊರೆತ ಗಾಂಜಾದ ಒಂದು ಗ್ರಾಂನಲ್ಲಿ 1 ಕೋಟಿಯವರೆಗೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಕಂಡುಬಂತು. ಬ್ಯಾಕ್ಟೀರಿಯಾದ ಪ್ಲಾಸ್ಮಿಡ್‌ಗಳನ್ನು ಬೆರಳಚ್ಚಿನಂತೆ ಹೋಲಿಸಿ ಈ ಜಾಡನ್ನು ಖಚಿತಪಡಿಸಿಕೊಳ್ಳಲಾಯಿತು. 1982ರಲ್ಲಿ ಪ್ರಕಟವಾದ ಆ ವರದಿ ಇಂದಿಗೂ ಉಲ್ಲೇಖಾರ್ಹವಾಗಿದೆ.

1988ರಲ್ಲಿ ವರದಿಯಾದ ಮತ್ತೊಂದು ಪ್ರಕರಣ ಇನ್ನಷ್ಟು ಗಂಭೀರವಾದುದು. ರಕ್ತದ ಕ್ಯಾನ್ಸರ್‌ಗಾಗಿ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡಿದ್ದ 34 ವರ್ಷದ ವ್ಯಕ್ತಿಯೊಬ್ಬರು ಆಸ್ಪರ್ಜಿಲ್ಲಸ್ ಶಿಲೀಂಧ್ರದ ಸೋಂಕಿಗೆ ಬಲಿಯಾದರು. ಅವರು ಸೇದುತ್ತಿದ್ದ ಗಾಂಜಾದಲ್ಲಿ ಬೆಳೆದ ಶಿಲೀಂಧ್ರಕ್ಕೂ ಅವರ ಶ್ವಾಸಕೋಶದ ಅಂಗಾಂಶದಲ್ಲಿ ದೊರೆತ ಶಿಲೀಂಧ್ರಕ್ಕೂ ರೂಪ ಹಾಗೂ ಬೆಳವಣಿಗೆಯಲ್ಲಿ ವ್ಯತ್ಯಾಸವಿರಲಿಲ್ಲ.

ಆಸ್ಪರ್ಜಿಲ್ಲಸ್ ಅಪರೂಪದ ಶಿಲೀಂಧ್ರವಲ್ಲ. ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗಾಳಿಯಲ್ಲಿ ಎಲ್ಲೆಡೆಯೂ ಅದರ ಬೀಜಕಗಳಿವೆ. ಅವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುವಷ್ಟು ಸೂಕ್ಷ್ಮವಾಗಿವೆ. ಆರೋಗ್ಯವಂತರ ದೇಹ ಅವುಗಳನ್ನು ಸುಲಭವಾಗಿ ನಿವಾರಿಸಿಕೊಳ್ಳುತ್ತದೆ. ಆದರೆ ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿಯಾದವರು, ಎಚ್‌ಐವಿ ಬಾಧಿತರು ಮುಂತಾಗಿ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅದೇ ಬೀಜಕ ಮೊಳೆತು ಪ್ರಾಣಾಂತಿಕವಾಗಬಲ್ಲದು. ವೈದ್ಯಕೀಯ ಗಾಂಜಾಕ್ಕೆ ಮೊರೆ ಹೋಗುವವರಲ್ಲಿ ಇಂತಹ ರೋಗಿಗಳೂ ಇರುವುದು ಇಲ್ಲಿನ ವಿಪರ್ಯಾಸ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ವೈದ್ಯರ ತಂಡವು ಉತ್ತರ ಕ್ಯಾಲಿಫೋರ್ನಿಯಾದ ಮಳಿಗೆಗಳಿಂದ ಪಡೆದ 20 ಮಾದರಿಗಳ ವಿಶ್ಲೇಷಣೆಯನ್ನು 2017ರಲ್ಲಿ ಪ್ರಕಟಿಸಿತು. ಆಸ್ಪರ್ಜಿಲ್ಲಸ್, ಮ್ಯೂಕರ್, ಕ್ರಿಪ್ಟೊಕಾಕಸ್ ಶಿಲೀಂಧ್ರಗಳ ಜೊತೆಗೆ ಕ್ಲೆಬ್ಸಿಯೆಲ್ಲಾ, ಇ. ಕೋಲಿ, ಅಸಿನೆಟೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳ ಕುರುಹುಗಳೂ ಅವುಗಳಲ್ಲಿ ಪತ್ತೆಯಾದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಸಂಶೋಧಕರು 2016ರ ಆರೋಗ್ಯ ವಿಮೆಯ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ವರದಿ ನೀಡಿದರು. ಅದರ ಪ್ರಕಾರ, ಗಾಂಜಾ ಬಳಕೆಯ ದಾಖಲೆಯಿದ್ದವರಲ್ಲಿ ಶಿಲೀಂಧ್ರ ಸೋಂಕು ಕಂಡುಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು 3.5 ಪಟ್ಟು ಹೆಚ್ಚು. ಇಂತಹ ದಾಖಲೆಗಳು ನಂಟನ್ನು ತೋರಿಸುತ್ತವೆಯೇ ವಿನಾ ಗಾಂಜಾವೇ ಕಾರಣವೆಂದು ಸಾಬೀತುಪಡಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಮಿತಿ ಎಷ್ಟು?

ಪರೀಕ್ಷೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಒಟ್ಟು ಲೆಕ್ಕ. ಒಂದು ಗ್ರಾಂ ಮಾದರಿಯಲ್ಲಿರುವ ಯೀಸ್ಟ್ ಮತ್ತು ಬೂಷ್ಟು ಪೋಷಕ ಮಾಧ್ಯಮದಲ್ಲಿ ಎಷ್ಟು ಗುಂಪುಗಳಾಗಿ ಬೆಳೆಯುತ್ತವೆ ಎಂಬುದನ್ನು ಇಲ್ಲಿ ಎಣಿಸಲಾಗುತ್ತದೆ. ಈ ಅಳತೆಗೆ ಸಿಎಫ್‌ಯು ಎಂದು ಹೆಸರು. ಕೊಲೊರಾಡೊ ಮತ್ತು ಮೆಸಾಚುಸೆಟ್ಸ್ ರಾಜ್ಯಗಳು ಒಣಗಿದ ಹೂವಿಗೆ ಗ್ರಾಂಗೆ 10,000 ಸಿಎಫ್‌ಯು ಮಿತಿಯನ್ನು ಅಳವಡಿಸಿಕೊಂಡವು. ಅಮೆರಿಕನ್ ಹರ್ಬಲ್ ಫಾರ್ಮಕೋಪಿಯಾ 2013ರಲ್ಲಿ ಪ್ರಕಟಿಸಿದ ಗಾಂಜಾ ಕೈಪಿಡಿಯಲ್ಲಿಯೂ ಇದೇ ಸಂಖ್ಯೆಯ ಶಿಫಾರಸಿದೆ.

ಎರಡನೆಯದು ನಿರ್ದಿಷ್ಟ ರೋಗಾಣುವಿನ ಶೋಧ. ಕ್ಯಾಲಿಫೋರ್ನಿಯಾ ಒಟ್ಟು ಲೆಕ್ಕಕ್ಕಿಂತ ಈ ವಿಧಾನಕ್ಕೆ ಮನ್ನಣೆ ನೀಡಿದೆ. ಸೇದುವ ಉತ್ಪನ್ನದ ಒಂದು ಗ್ರಾಂನಲ್ಲಿ ಆಸ್ಪರ್ಜಿಲ್ಲಸ್‌ನ ನಾಲ್ಕು ಪ್ರಭೇದಗಳು, ಅಂದರೆ ಫ್ಯುಮಿಗೇಟಸ್, ಫ್ಲೇವಸ್, ನೈಜರ್ ಮತ್ತು ಟೆರಿಯಸ್, ಸ್ವಲ್ಪವೂ ಕಾಣಿಸಬಾರದು. ಸಾಲ್ಮೊನೆಲ್ಲಾ ಹಾಗೂ ಶಿಗಾ ವಿಷ ಉತ್ಪಾದಿಸುವ ಇ. ಕೋಲಿಗೂ ಇದೇ ನಿಯಮ ಅನ್ವಯ. ಶಿಲೀಂಧ್ರಗಳು ಉತ್ಪಾದಿಸುವ ಅಫ್ಲಾಟಾಕ್ಸಿನ್ ಮತ್ತು ಓಕ್ರಾಟಾಕ್ಸಿನ್ ವಿಷಗಳಿಗೆ ಪ್ರತಿ ಕಿಲೋಗ್ರಾಂಗೆ 20 ಮೈಕ್ರೊಗ್ರಾಂ ಮಿತಿಯಿದೆ. ಶೇಂಗಾ, ಒಣಮೆಣಸಿನಕಾಯಿ ರಫ್ತುದಾರರಿಗೆ ತಲೆನೋವು ತರುವ ಅಫ್ಲಾಟಾಕ್ಸಿನ್ ಇದೇ.

ಎರಡೂ ವಿಧಾನಗಳಲ್ಲಿ ಕೊರತೆಗಳಿವೆ. ಒಟ್ಟು ಲೆಕ್ಕ ನಿರುಪದ್ರವಿ ಶಿಲೀಂಧ್ರಕ್ಕೂ ಮಾರಕ ಶಿಲೀಂಧ್ರಕ್ಕೂ ಭೇದವೆಣಿಸುವುದಿಲ್ಲ. ರೋಗ ನಿಯಂತ್ರಣಕ್ಕೆಂದು ರೈತ ಸಿಂಪಡಿಸಿದ ಟ್ರೈಕೊಡರ್ಮದಂತಹ ಜೈವಿಕ ಶಿಲೀಂಧ್ರವೂ ಅದರಲ್ಲಿ ಸೇರಿಹೋಗಬಲ್ಲದು. ನಾಲ್ಕೇ ಪ್ರಭೇದಗಳನ್ನು ಹುಡುಕುವ ಪರೀಕ್ಷೆಯಾದರೋ, ಉಳಿದ ಬೂಷ್ಟು ಎಷ್ಟಿದ್ದರೂ ಅದರ ಬಗ್ಗೆ ಮೌನ ವಹಿಸುತ್ತದೆ.

ಪರೀಕ್ಷೆ ನಡೆಯುವ ಬಗೆ

ಪರೀಕ್ಷೆಯ ಮೊದಲ ಹೆಜ್ಜೆ ಮಾದರಿ ಸಂಗ್ರಹ. ಕ್ಯಾಲಿಫೋರ್ನಿಯಾದ ನಿಯಮದಂತೆ ಒಂದು ಕೊಯ್ಲಿನ ರಾಶಿ 50 ಪೌಂಡ್, ಅಂದರೆ ಸುಮಾರು 22.7 ಕಿಲೋಗ್ರಾಂ ಮೀರುವಂತಿಲ್ಲ. ಅದರ ಕನಿಷ್ಠ ಶೇ 0.35ರಷ್ಟನ್ನು, ಎಂದರೆ ಪೂರ್ಣ ರಾಶಿಯಿಂದ ಸುಮಾರು 80 ಗ್ರಾಂಗಳನ್ನು, ಪ್ರಯೋಗಾಲಯದ ಸಿಬ್ಬಂದಿಯೇ ಬೇರೆ ಬೇರೆ ಭಾಗಗಳಿಂದ ಆಯ್ದುಕೊಳ್ಳುತ್ತಾರೆ. ಇದನ್ನು ಬೆರೆಸಿ, ರೋಗಾಣುವಿನ ಶೋಧಕ್ಕೆ ಬಳಸುವುದು ಒಂದು ಗ್ರಾಂ ಮಾತ್ರ. ಬೂಷ್ಟು ರಾಶಿಯ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಗೊಂಚಲಿನ ಒಡಲಲ್ಲಿ ಅಡಗಿ, ಪಕ್ಕದ ಗೊಂಚಲನ್ನು ಮುಟ್ಟದೆಯೂ ಇರಬಹುದು. ಆದ್ದರಿಂದ ಆಯ್ಕೆಯಲ್ಲಿನ ಅಲ್ಪ ವ್ಯತ್ಯಾಸವೂ ಫಲಿತಾಂಶವನ್ನು ಬದಲಿಸಬಲ್ಲದು.

ಹಳೆಯ ವಿಧಾನದಲ್ಲಿ ಮಾದರಿಯನ್ನು ದ್ರಾವಣದಲ್ಲಿ ಕಲಕಿ ಪೋಷಕ ತಟ್ಟೆಯ ಮೇಲೆ ಹರಡಿ, ಬೂಷ್ಟು ಬೆಳೆಯಲು ಐದರಿಂದ ಏಳು ದಿನ ಕಾಯಲಾಗುತ್ತದೆ. ಜೀವಂತ ಸೂಕ್ಷ್ಮಾಣುಗಳು ಮಾತ್ರ ಇದರಲ್ಲಿ ಲೆಕ್ಕಕ್ಕೆ ಸಿಗುತ್ತವೆ. ಹೊಸ ವಿಧಾನವಾದ ಪಿಸಿಆರ್‌ನಲ್ಲಿ ರೋಗಾಣುವಿನ ಡಿಎನ್‌ಎ ತುಣುಕನ್ನು ವೃದ್ಧಿಸಿ ಗುರುತಿಸಲಾಗುತ್ತದೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಪರೀಕ್ಷೆಯ ತತ್ವವೇ ಇದು. ಪ್ರಭೇದವನ್ನು ನಿಖರವಾಗಿ ಹೇಳುವುದು, ಶೀಘ್ರ ಫಲಿತಾಂಶ ನೀಡುವುದು ಇದರ ಹೆಗ್ಗಳಿಕೆ. ಆದರೆ ಸತ್ತ ಶಿಲೀಂಧ್ರದ ಡಿಎನ್‌ಎಯನ್ನೂ ಇದು ಪತ್ತೆ ಹಚ್ಚಬಲ್ಲದು. ಹಾಗಾಗಿ ಅನೇಕ ಪ್ರಯೋಗಾಲಯಗಳು ಮಾದರಿಯನ್ನು ಮೊದಲು ಒಂದೆರಡು ದಿನ ಪೋಷಕ ದ್ರವದಲ್ಲಿಟ್ಟು, ಜೀವಂತವಾದುದು ವೃದ್ಧಿಸಿದ ಬಳಿಕ ಪಿಸಿಆರ್ ನಡೆಸುತ್ತವೆ.

ನ್ಯಾಯಾಲಯದ ಮೆಟ್ಟಿಲೇರಿದ ಬೂಷ್ಟು

ಪರೀಕ್ಷೆಯಲ್ಲಿ ಅನುತ್ತೀರ್ಣವಾದರೆ ಬೆಳೆಗಾರನಿಗೆ ಭಾರಿ ನಷ್ಟ. ಹೀಗಾಗಿ ಪರೀಕ್ಷೆಯ ನಿಖರತೆಯ ಕುರಿತು ವ್ಯಾಜ್ಯಗಳೂ ಹುಟ್ಟಿಕೊಂಡಿವೆ. 2021ರ ನವೆಂಬರ್‌ನಲ್ಲಿ ಮಿಷಿಗನ್ ರಾಜ್ಯದ ನಿಯಂತ್ರಣ ಸಂಸ್ಥೆಯು ಒಂದೇ ಕಂಪನಿಯ ಎರಡು ಪ್ರಯೋಗಾಲಯಗಳ ಫಲಿತಾಂಶಗಳು ವಿಶ್ವಾಸಾರ್ಹವಲ್ಲವೆಂದು ಘೋಷಿಸಿ, ಅಲ್ಲಿ ಪರೀಕ್ಷೆಯಾಗಿದ್ದ ಅಪಾರ ಪ್ರಮಾಣದ ಉತ್ಪನ್ನಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಆದೇಶಿಸಿತು. ಡಿಸೆಂಬರ್‌ನಲ್ಲಿ ನ್ಯಾಯಾಲಯ ಒಂದು ಪ್ರಯೋಗಾಲಯಕ್ಕೆ ಸಂಬಂಧಿಸಿದ ಆದೇಶವನ್ನು ತಡೆದು, ಇನ್ನೊಂದರದ್ದನ್ನು ಉಳಿಸಿತು.

ಆರೆಗನ್ ರಾಜ್ಯದಲ್ಲಿ 2023ರ ಮಾರ್ಚ್ 1ರಿಂದ ಆಸ್ಪರ್ಜಿಲ್ಲಸ್ ಪರೀಕ್ಷೆ ಕಡ್ಡಾಯವಾಯಿತು. ಗಾಳಿಯಲ್ಲೇ ಇರುವ ಶಿಲೀಂಧ್ರ ಲವಲೇಶವೂ ಇರಕೂಡದೆಂಬ ನಿಯಮ, ಬಯಲಿನಲ್ಲಿ ಬೆಳೆಯುವ ಸಣ್ಣ ರೈತರಿಗೆ ಮರಣಶಾಸನವೆಂದು ಬೆಳೆಗಾರರು ಮೇಲ್ಮನವಿ ನ್ಯಾಯಾಲಯದ ಮೊರೆ ಹೊಕ್ಕರು. ಆಗಸ್ಟ್‌ನಲ್ಲಿ ನ್ಯಾಯಾಲಯ ನಿಯಮಕ್ಕೆ ತಡೆಯಾಜ್ಞೆ ನೀಡಿತು. ಒಂದೆಡೆ ದುರ್ಬಲ ರೋಗಿಯ ಜೀವ, ಇನ್ನೊಂದೆಡೆ ರೈತನ ಜೀವನೋಪಾಯ. ಇವೆರಡನ್ನೂ ತೂಗುವ ಮಿತಿ ಯಾವುದೆಂಬುದು ಅಮೆರಿಕದಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆ.

ವಿಕಿರಣ ಪರಿಹಾರವೇ?

ನೆದರ್‌ಲೆಂಡ್ಸ್‌ನಲ್ಲಿ 2003ರಿಂದ ಔಷಧಾಲಯಗಳ ಮೂಲಕ ವಿತರಣೆಯಾಗುತ್ತಿರುವ ವೈದ್ಯಕೀಯ ಗಾಂಜಾವನ್ನು ಗಾಮಾ ಕಿರಣಗಳಿಗೆ ಒಡ್ಡಿ ಸೂಕ್ಷ್ಮಾಣುಮುಕ್ತಗೊಳಿಸುವ ಪದ್ಧತಿಯಿದೆ. ಕೆನಡಾದಲ್ಲಿಯೂ ವಿಕಿರಣದ ಬಳಕೆಗೆ ಅವಕಾಶವಿದೆ. 2016ರಲ್ಲಿ ಪ್ರಕಟವಾದ ಡಚ್ ಅಧ್ಯಯನದಂತೆ, ವಿಕಿರಣದಿಂದ ಟಿಎಚ್‌ಸಿ, ಸಿಬಿಡಿ ಎಂಬ ಮುಖ್ಯ ರಾಸಾಯನಿಕಗಳ ಪ್ರಮಾಣ ಬದಲಾಗಲಿಲ್ಲ. ಆದರೆ ಸುವಾಸನೆ ನೀಡುವ ಕೆಲವು ಟರ್ಪೀನ್‌ಗಳು ಕಡಿಮೆಯಾದವು.

ಈ ವಿಧಾನಕ್ಕೂ ಮಿತಿಯಿದೆ. ವಿಕಿರಣ ಶಿಲೀಂಧ್ರವನ್ನು ಕೊಲ್ಲುತ್ತದೆ. ಅದು ಬದುಕಿದ್ದಾಗ ಉತ್ಪಾದಿಸಿದ ವಿಷ ಅಲ್ಲಿಯೇ ಉಳಿಯಬಲ್ಲದು. ಕೆಟ್ಟ ಮಾಲನ್ನು ಕೊನೆಯಲ್ಲಿ ಶುದ್ಧೀಕರಿಸುವುದಕ್ಕಿಂತ ಬೂಷ್ಟು ಹಿಡಿಯದಂತೆ ಬೆಳೆಯುವುದೇ ಉತ್ತಮವೆಂಬ ವಾದಕ್ಕೆ ಇದರಿಂದ ಬಲ ಬಂದಿದೆ.

ಗಿಡವನ್ನು ಕಾಡುವ ರೋಗಗಳು

ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ಝಮೀರ್ ಪೂಂಜಾ ಅವರ ತಂಡ ಈ ಕ್ಷೇತ್ರದಲ್ಲಿ ವ್ಯಾಪಕ ಅಧ್ಯಯನ ನಡೆಸಿದೆ. ಗಾಂಜಾ ಗಿಡವನ್ನು ಬಾಧಿಸುವ ರೋಗಗಳ ಪಟ್ಟಿ ಕರ್ನಾಟಕದ ರೈತರಿಗೂ ಅಪರಿಚಿತವೇನಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಬಲ್ಲ ಬೂದಿರೋಗದ ಬಂಧುವೊಂದು ಗಾಂಜಾದ ಎಲೆ, ಹೂವಿನ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಹರಡುತ್ತದೆ. ಬಾಳೆಯ ಪನಾಮ ಸೊರಗು ರೋಗಕ್ಕೆ ಕಾರಣವಾದ ಫ್ಯುಸೇರಿಯಂ ಕುಲದ ಶಿಲೀಂಧ್ರಗಳು ಬೇರು ಮತ್ತು ಕಾಂಡವನ್ನು ಕೊಳೆಸುತ್ತವೆ. ಬೊಟ್ರೈಟಿಸ್ ಎಂಬ ಬೂದುಬಣ್ಣದ ಬೂಷ್ಟು ಒತ್ತಾಗಿ ಬೆಳೆದ ಹೂಗೊಂಚಲನ್ನು ಒಳಗಿನಿಂದಲೇ ಕೊಳೆಸುತ್ತದೆ. ಕೊಯ್ಲಿನ ನಂತರ ಪೆನಿಸಿಲಿಯಂ ಹಾಗೂ ಆಸ್ಪರ್ಜಿಲ್ಲಸ್‌ಗಳ ಸರದಿ.

ವಾಣಿಜ್ಯ ಬೆಳೆಯಲ್ಲಿ ಹೆಣ್ಣು ಗಿಡಗಳನ್ನೇ ಉಳಿಸಿಕೊಳ್ಳಲು ಬೀಜದ ಬದಲು ತಾಯಿಗಿಡದಿಂದ ಕತ್ತರಿಸಿದ ಕಡ್ಡಿಗಳನ್ನು ನೆಡುವುದು ರೂಢಿ. ತಾಯಿಗಿಡದಲ್ಲಿ ರೋಗವಿದ್ದರೆ ಅದು ಸಾವಿರಾರು ಸಸಿಗಳಿಗೆ ಬಳುವಳಿಯಾಗಿ ಬರುತ್ತದೆ. ಹಾಪ್ ಲೇಟೆಂಟ್ ವೈರಾಯ್ಡ್ ಇದಕ್ಕೆ ತಕ್ಕ ನಿದರ್ಶನ. ಬಿಯರ್ ತಯಾರಿಕೆಗೆ ಬಳಸುವ ಹಾಪ್ ಬಳ್ಳಿ ಗಾಂಜಾದ ಕುಟುಂಬಕ್ಕೇ ಸೇರಿದ ಸಸ್ಯ. ಅದರಲ್ಲಿ ಗುರುತಾಗಿದ್ದ ಈ ವೈರಾಯ್ಡ್ ಕ್ಯಾಲಿಫೋರ್ನಿಯಾದ ಗಾಂಜಾದಲ್ಲಿರುವುದು 2019ರಲ್ಲಿ ವರದಿಯಾಯಿತು. ಕೇವಲ 256 ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ ಸುರುಳಿಯಾದ ಇದು ಗಿಡವನ್ನು ಕುಬ್ಜಗೊಳಿಸಿ, ಹೂವಿನ ಇಳುವರಿಯನ್ನೂ ಔಷಧೀಯ ಅಂಶವನ್ನೂ ತಗ್ಗಿಸುತ್ತದೆ. ಗಿಡ ಕತ್ತರಿಸುವ ಸಾಧನದ ಮೂಲಕವೂ ಹರಡುತ್ತದೆ. ಹೊರನೋಟಕ್ಕೆ ಆರೋಗ್ಯವಾಗಿಯೇ ಕಾಣುವ ತಾಯಿಗಿಡದ ಬೇರು ಅಥವಾ ಎಲೆಯನ್ನು ಪಿಸಿಆರ್‌ಗೆ ಒಳಪಡಿಸದೆ ಇದನ್ನು ಕಂಡುಹಿಡಿಯುವುದು ಕಷ್ಟ. ಅಂಗಾಂಶ ಕೃಷಿಯ ಮೂಲಕ ರೋಗಮುಕ್ತ ಸಸಿ ಪಡೆಯುವ ಪ್ರಯತ್ನಗಳು ಸಾಗಿವೆ.

ಔಷಧ ಸಿಂಪಡಣೆಯ ಅಪಾಯ

ಇತರ ಬೆಳೆಗಳಲ್ಲಾದರೆ ಬೂದಿರೋಗಕ್ಕೆ ಶಿಲೀಂಧ್ರನಾಶಕ ಸಿಂಪಡಿಸಿದರಾಯಿತು. ಗಾಂಜಾದಲ್ಲಿ ಅದು ಅಷ್ಟು ಸುಲಭವಲ್ಲ. ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿರುವ ಮೈಕ್ಲೋಬ್ಯುಟನಿಲ್ ಎಂಬ ಶಿಲೀಂಧ್ರನಾಶಕ ಸುಟ್ಟಾಗ ವಿಷಕಾರಿ ಹೈಡ್ರೋಜನ್ ಸಯನೈಡ್ ಬಿಡುಗಡೆ ಮಾಡಬಲ್ಲದು. ತಿನ್ನುವ ಹಣ್ಣಿಗೆ ಸಲ್ಲುವುದು ಸೇದುವ ಹೂವಿಗೆ ಸಲ್ಲದು. 2016 ಮತ್ತು 2017ರಲ್ಲಿ ಕೆನಡಾದ ವೈದ್ಯಕೀಯ ಗಾಂಜಾದಲ್ಲಿ ಈ ರಾಸಾಯನಿಕದ ಅಂಶ ಪತ್ತೆಯಾಗಿ ಉತ್ಪನ್ನಗಳನ್ನು ಹಿಂಪಡೆಯಬೇಕಾಯಿತು. ಬೂಷ್ಟನ್ನು ಬಿಟ್ಟರೆ ಸೋಂಕಿನ ಭಯ, ಔಷಧ ಹೊಡೆದರೆ ವಿಷದ ಭಯ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯಾಗಿ ರೋಗನಿರೋಧಕ ತಳಿ ಗೋಚರಿಸಿದೆ.

ನಿರೋಧಕ ತಳಿಯ ಶೋಧ

ಭತ್ತ, ಗೋಧಿ, ರಾಗಿಗಳಲ್ಲಿ ರೋಗನಿರೋಧಕ ತಳಿ ಅಭಿವೃದ್ಧಿಗೆ ದಶಕಗಳ ಇತಿಹಾಸವಿದೆ. ದೀರ್ಘಕಾಲ ನಿಷೇಧಕ್ಕೊಳಗಾಗಿದ್ದ ಗಾಂಜಾಕ್ಕೆ ಈ ಭಾಗ್ಯವಿರಲಿಲ್ಲ. ಗುಟ್ಟಾಗಿ ಬೆಳೆದವರು ಅಮಲನ್ನು ನೋಡಿ ತಳಿ ಆರಿಸಿದರೇ ಹೊರತು ರೋಗ ತಾಳುವ ಗುಣವನ್ನಲ್ಲ. 2011ರಲ್ಲಿ ಕೆನಡಾದ ವಿಜ್ಞಾನಿಗಳು ಗಾಂಜಾದ ಜೀನೋಮ್ ಕರಡನ್ನು ಪ್ರಕಟಿಸಿದ ನಂತರ ಈ ಸಂಶೋಧನೆಗೆ ನೆಲೆ ದೊರೆಯಿತು.

ನಿರೋಧಕತೆಯ ಪರೀಕ್ಷೆಯ ತತ್ವ ಸರಳವಾಗಿದೆ. ಹಲವು ತಳಿಗಳ ಗಿಡಗಳನ್ನು ಒಂದೇ ಉಷ್ಣಾಂಶ, ಆರ್ದ್ರತೆಯಲ್ಲಿ ಬೆಳೆಸಿ, ಸಮಪ್ರಮಾಣದಲ್ಲಿ ರೋಗದ ಬೀಜಕಗಳನ್ನು ತಗುಲಿಸಲಾಗುತ್ತದೆ. ಬಳಿಕ ಎಲೆಯ ಎಷ್ಟು ಭಾಗಕ್ಕೆ ರೋಗ ಹರಡಿದೆ ಎಂಬುದನ್ನು ನಿಗದಿತ ದಿನಗಳಲ್ಲಿ ಅಳೆದು ಅಂಕ ನೀಡಲಾಗುತ್ತದೆ. ಉತ್ತಮ ಅಂಕ ಪಡೆದ ಗಿಡವನ್ನು ರೋಗಕ್ಕೆ ಬೇಗ ತುತ್ತಾಗುವ ಗಿಡದೊಡನೆ ಸಂಕರಿಸಿ, ಸಂತತಿಯಲ್ಲಿ ಗುಣ ಹಂಚಿಕೆಯಾದ ಬಗೆಯನ್ನು ಡಿಎನ್‌ಎ ಗುರುತುಗಳೊಂದಿಗೆ ಹೋಲಿಸಿದರೆ ಕಾರಣವಾದ ವಂಶವಾಹಿಯ ನೆಲೆ ತಿಳಿಯುತ್ತದೆ.

ಈ ದಾರಿಯಲ್ಲಿ 2021ರಲ್ಲಿ ಎರಡು ಮುಖ್ಯ ಫಲಿತಾಂಶಗಳು ಬಂದವು. ಅಮೆರಿಕದ ಸಂಶೋಧಕರು ಬೂದಿರೋಗವನ್ನು ತಡೆಯುವ ಪಿಎಂ1 ಎಂಬ ಒಂದೇ ಪ್ರಬಲ ವಂಶವಾಹಿಯನ್ನು ಗುರುತಿಸಿದರು. ಕೆನಡಾದ ಮಾಂಕ್ಟನ್ ವಿಶ್ವವಿದ್ಯಾಲಯದ ತಂಡ ಎಂಎಲ್ಒ ಎಂಬ ವಂಶವಾಹಿ ಕುಟುಂಬವನ್ನು ಶೋಧಿಸಿ, ಅದರಲ್ಲಿ ಎರಡು ಸದಸ್ಯರು ಬೂದಿರೋಗಕ್ಕೆ ಬಾಗಿಲು ತೆರೆಯುವ ಸಾಧ್ಯತೆ ಹೆಚ್ಚೆಂದು ತೋರಿಸಿತು. ಬಾರ್ಲಿಯಲ್ಲಿ ಇದೇ ಕುಟುಂಬದ ವಂಶವಾಹಿ ನಿಷ್ಕ್ರಿಯವಾದ ತಳಿಗಳು ಬಹುಕಾಲದಿಂದ ಬೂದಿರೋಗವನ್ನು ತಡೆದಿವೆ. ಇಂತಹ ಗುರುತುಗಳು ತಿಳಿದರೆ ಎಳೆಯ ಸಸಿಯ ಎಲೆಯ ತುಣುಕಿನಿಂದಲೇ ಮುಂದಿನ ರೋಗಸ್ಥಿತಿಯನ್ನು ಅಂದಾಜಿಸಬಹುದು. ಆದರೆ ಒಂದೇ ವಂಶವಾಹಿಯನ್ನು ನೆಚ್ಚಿದ ನಿರೋಧಕತೆಯನ್ನು ಶಿಲೀಂಧ್ರದ ಹೊಸ ರೂಪಗಳು ಮುರಿಯಬಲ್ಲವೆಂಬ ಎಚ್ಚರಿಕೆಯನ್ನು ಇತರ ಬೆಳೆಗಳ ಅನುಭವ ಕಲಿಸಿದೆ.

ತಳಿಯೊಂದಿಗೆ ಬೇಸಾಯ ಕ್ರಮವೂ ಮುಖ್ಯ. ಪೂಂಜಾ ಅವರ ತಂಡ 2 ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯಾಂಶಗಳು ಹೀಗಿವೆ:

* ಹೂಗೊಂಚಲಿನಲ್ಲಿ ಎಲೆಗಳು ಮತ್ತು ಶಲಾಕಾಗ್ರಗಳು ಹೆಚ್ಚಾಗಿರುವ ತಳಿಗಳಲ್ಲಿ ಬೂಷ್ಟಿನ ಲೆಕ್ಕ ಅಧಿಕ.
* ಹಸಿರುಮನೆಯ ನೆಲದಲ್ಲಿ ಬಿದ್ದ ಎಲೆಗಳ ಕಸ ಬೂಷ್ಟಿನ ಮೂಲ.
* ಮೇ-ಅಕ್ಟೋಬರ್ ಅವಧಿಗಿಂತ ನವೆಂಬರ್-ಏಪ್ರಿಲ್ ಅವಧಿಯ ಕೊಯ್ಲಿನಲ್ಲಿ ಬೂಷ್ಟು ಕಡಿಮೆ.
* ಹೂಬಿಡುವ ಹಂತದಲ್ಲಿ ಫ್ಯಾನ್‌ಗಳ ಮೂಲಕ ಗಾಳಿಯಾಡಿಸುವುದು, ಗೊಂಚಲುಗಳನ್ನು ಕಾಂಡಸಹಿತ ತೂಗುಹಾಕಿ ತೇವಾಂಶ ಶೇ 12ರಿಂದ 14ಕ್ಕೆ ಇಳಿಯುವಂತೆ ಒಣಗಿಸುವುದು ಪ್ರಯೋಜನಕಾರಿ.

ಭಾರತದಲ್ಲಿ ಸ್ಥಿತಿಗತಿ

ಭಾರತದಲ್ಲಿ 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯನ್ವಯ (ಎನ್‌ಡಿಪಿಎಸ್) ಅನುಮತಿಯಿಲ್ಲದೆ ಗಾಂಜಾ ಬೆಳೆಯುವುದು 10 ವರ್ಷದವರೆಗಿನ ಕಠಿಣ ಸಜೆ ಹಾಗೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗಬಲ್ಲ ಅಪರಾಧ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಭಾಗ. ತುದಿಯಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಅದರಲ್ಲಿ ಸೇರಿಲ್ಲ. ಇದೇ ಆಧಾರದಲ್ಲಿ 2022ರಲ್ಲಿ ಕರ್ನಾಟಕ ಹೈಕೋರ್ಟ್, ಭಂಗಿಯು ಕಾಯ್ದೆಯ ನಿಷೇಧಿತ ಪಟ್ಟಿಯಲ್ಲಿಲ್ಲವೆಂದು ಜಾಮೀನು ಪ್ರಕರಣವೊಂದರಲ್ಲಿ ಅಭಿಪ್ರಾಯಪಟ್ಟಿತು.

ನಾರು ಮತ್ತು ಬೀಜಕ್ಕಾಗಿ ಕಡಿಮೆ ಅಮಲಿನ ಹೆಂಪ್ ಬೆಳೆಯಲು ರಾಜ್ಯಗಳು ಅನುಮತಿ ನೀಡಲು ಅವಕಾಶವಿದ್ದು, ಉತ್ತರಾಖಂಡ 2018ರಲ್ಲಿ ಈ ಹೆಜ್ಜೆಯಿಟ್ಟಿತು. ಹೆಂಪ್ ಬೀಜ, ಅದರ ಎಣ್ಣೆ ಹಾಗೂ ಹಿಟ್ಟನ್ನು ಆಹಾರವೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರ ನವೆಂಬರ್‌ನಲ್ಲಿ ಅಧಿಸೂಚಿಸಿತು. ಜಮ್ಮುವಿನ ಸಿಎಸ್ಐಆರ್ ಸಂಸ್ಥೆಯಲ್ಲಿ ಔಷಧೀಯ ಗಾಂಜಾ ಸಂಶೋಧನೆ ನಡೆದಿದೆ. 2025ರ ಜನವರಿಯಲ್ಲಿ ಹಿಮಾಚಲ ಪ್ರದೇಶ ಸಚಿವ ಸಂಪುಟವು ಎರಡು ವಿಶ್ವವಿದ್ಯಾಲಯಗಳ ಮೂಲಕ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿಗೆ ಸೂಚಿಸಿತು.

ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರಿನಿಂದ ಈ ಸಸ್ಯದ ಬಳಕೆಯಿದೆ. ಆಯುರ್ವೇದಿಕ್ ಫಾರ್ಮಕೋಪಿಯಾದ ಸಾಮಾನ್ಯ ಮಿತಿಯಂತೆ ಗಿಡಮೂಲಿಕೆ ಔಷಧದ ಒಂದು ಗ್ರಾಂನಲ್ಲಿ ಯೀಸ್ಟ್ ಮತ್ತು ಬೂಷ್ಟು 1,000 ಸಿಎಫ್‌ಯು ಮೀರಬಾರದು. ಸಾಲ್ಮೊನೆಲ್ಲಾ, ಇ. ಕೋಲಿ ಇರಲೇಬಾರದು. ಕೊಲೊರಾಡೊದ 10,000ದ ಮಿತಿಗಿಂತ ಇದು ಹತ್ತು ಪಟ್ಟು ಬಿಗಿಯಾದುದು ಎಂಬುದು ಗಮನಾರ್ಹ. ಪೊಲೀಸರು ವಶಪಡಿಸಿಕೊಂಡ ಅಕ್ರಮ ಗಾಂಜಾದ ಮಾತು ಬೇರೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಅದು ಗಾಂಜಾ ಹೌದೇ ಎಂಬುದನ್ನು ಪರೀಕ್ಷಿಸುವುದು ಸಾಕ್ಷ್ಯಕ್ಕಾಗಿಯೇ ಹೊರತು, ಸೇದುವವರ ಶ್ವಾಸಕೋಶದ ಕಾಳಜಿಯಿಂದಲ್ಲ. ಬೆಳೆದ, ಒಣಗಿಸಿದ, ಬಚ್ಚಿಟ್ಟ ಸ್ಥಳ ಯಾವುದೆಂದೇ ತಿಳಿಯದ ಆ ಮಾಲಿಗೆ ಯಾವ ಮಿತಿಯೂ ಅನ್ವಯವಾಗದು.

ತಾಯಿಗಿಡದ ಬೇರಿನ ಪರೀಕ್ಷೆ, ನಿರೋಧಕ ತಳಿಯ ಆಯ್ಕೆ, ಹಸಿರುಮನೆಯ ಶುಚಿತ್ವ, ಒಣಗಿಸುವ ಕೋಣೆಯ ಗಾಳಿ, ಕೊನೆಗೆ ಒಂದು ಗ್ರಾಂ ಮಾದರಿಯ ತಪಾಸಣೆ ಒಂದೇ ಸರಪಳಿಯ ಕೊಂಡಿಗಳು. ಮೊದಲ ಕೊಂಡಿಗಳು ಸಡಿಲವಾದರೆ ಕೊನೆಯ ಕೊಂಡಿಯ ಮೇಲೆ ಭಾರವೆಲ್ಲ ಬೀಳುತ್ತದೆ. ಭಾರತದಲ್ಲಿ ಔಷಧೀಯ ಗಾಂಜಾದ ಸಂಶೋಧನೆ ಮುಂದುವರಿದಂತೆ, ಅಮಲಿನ ಅಂಶದ ಚರ್ಚೆಯೊಂದಿಗೆ ಬೂಷ್ಟಿನ ಚರ್ಚೆಗೂ ಸ್ಥಾನ ದೊರೆಯಬೇಕಾಗಿದೆ. ಸರಪಳಿ ಕಳಚಿದರೆ ಮೊದಲು ಬೆಲೆ ತೆರುವುದು ಎದೆಯಲ್ಲಿ ಒಂದು ಬೀಜಕವನ್ನೂ ತಾಳಿಕೊಳ್ಳಲಾಗದ ರೋಗಿ.